ಬೀಗ ಸರಿಯಿದೆಯಾ ಅಂತ ಕೇಳೋರು

ಆಫೀಸ್ ಕೆಲಸದ ಮೇಲೆ ಲಾಗೋಸ್‌ಗೆ ಹೋಗೋ ಬೆಂಗಳೂರಿನವರಿಗೆ ಸಿಗೋ ಸಲಹೆಗಳು ಹೆಚ್ಚುಕಮ್ಮಿ ಒಂದೇ ಥರ. ಯೆಲ್ಲೋ ಫೀವರ್ ಲಸಿಕೆ ಹಾಕಿಸ್ಕೋ, ಕಂಪನಿ ಕಾರಲ್ಲೇ ಓಡಾಡು, ಭಾನುವಾರ ಬೇಜಾರಾದ್ರೆ ವಿಕ್ಟೋರಿಯಾ ಐಲ್ಯಾಂಡ್ ಕಡೆ ಹೋಗಿ ದೋಸೆ ತಿಂದು ಬಾ. ಒನಿಕಾನ್‌ನಲ್ಲಿ ಒಂದು ನ್ಯಾಷನಲ್ ಮ್ಯೂಸಿಯಂ ಇದೆ, ನೋಡು ಅಂತ ಯಾರೂ ಹೇಳಲ್ಲ. ನಾನೇ ಹೋಗ್ತೀನಿ ಅಂದಾಗ ಬಂದ ಮಾತು ಎರಡು. ಮೊದಲನೆಯದು: "ಅಲ್ಲೇನಿದೆ? ಒಳ್ಳೆಯದೆಲ್ಲ ಲಂಡನ್ನಲ್ಲಿದೆಯಲ್ಲ." ಎರಡನೆಯದು: "ಅದನ್ನೆಲ್ಲ ವಾಪಸ್ ಕೊಟ್ಟರೂ ಇವರು ನೋಡ್ಕೋತಾರಾ?"

ಈ ಎರಡನೇ ಪ್ರಶ್ನೆ ಕೇಳಿದವರು ಕೆಟ್ಟವರೇನಲ್ಲ. ಓದಿದವರು, ನಾಲ್ಕು ದೇಶ ಸುತ್ತಿದವರು. ಬಹಳ ಪ್ರಾಕ್ಟಿಕಲ್ ಪ್ರಶ್ನೆ ಅಂದ್ಕೊಂಡೇ ಕೇಳಿದ್ದು. ಆದರೆ ಆ ಮ್ಯೂಸಿಯಂ ಒಳಗೆ ಎರಡು ಗಂಟೆ ಕಳೆದ ಮೇಲೆ ನನಗನ್ನಿಸಿದ್ದು, ಅದು ಪ್ರಾಕ್ಟಿಕಲ್ ಪ್ರಶ್ನೆಯೇ ಅಲ್ಲ. ಬೇರೆ ಯಾರೋ ಕಟ್ಟಿಕೊಟ್ಟ ಪ್ರಶ್ನೆ, ನಾವು ನಮ್ಮದು ಅಂದ್ಕೊಂಡು ಹೊತ್ಕೊಂಡು ತಿರುಗ್ತಿದ್ದೀವಿ. ಯಾಕೆ ಅಂತ ವಿವರವಾಗಿ ಹೇಳ್ತೀನಿ.

ಮೊದಲು ಜಾಗದ ಬಗ್ಗೆ. ಲಾಗೋಸ್ ದ್ವೀಪದ ಗಲಾಟೆಯಲ್ಲಿ ಈ ಮ್ಯೂಸಿಯಂ ಒಂದು ತಗ್ಗಿನ ಕಟ್ಟಡ, ಮಧ್ಯೆ ಅಂಗಳ, ಮರದ ನೆರಳು. ಶುರುವಾಗಿದ್ದು 1957ರಲ್ಲಿ, ಅಂದರೆ ನೈಜೀರಿಯಾ ಸ್ವತಂತ್ರವಾಗೋದಕ್ಕೆ ಮೂರು ವರ್ಷ ಮೊದಲೇ. ಇದರ ಹಿಂದೆ ಇದ್ದವನು ಕೆನೆತ್ ಮರ್ರಿ ಎಂಬ ಇಂಗ್ಲಿಷ್ ಡ್ರಾಯಿಂಗ್ ಮೇಷ್ಟ್ರು. 1927ರಲ್ಲಿ ಪಾಠ ಮಾಡೋಕೆ ಬಂದವನು, ಇಲ್ಲಿನ ಕಲಾವಸ್ತುಗಳು ಕಣ್ಣೆದುರೇ ಹಡಗು ಹತ್ತಿ ಹೋಗ್ತಿರೋದನ್ನ ನೋಡಿ ತಡೆಯೋಕೆ ಹೊರಟ. ಕೊನೆಗೆ ಪುರಾತತ್ವ ಇಲಾಖೆಯ ಮೊದಲ ಮುಖ್ಯಸ್ಥನೂ ಆದ. ಗ್ಯಾಲರಿಗಳ ಒಳಗೆ ಫೋಟೋ ತೆಗೆಯೋ ಹಾಗಿಲ್ಲ. ನನಗಂತೂ ಇದು ಒಳ್ಳೆಯದೇ ಅನ್ನಿಸಿತು. ಫೋನ್ ಜೇಬಲ್ಲಿದ್ದಾಗ ಕಣ್ಣು ಸ್ವಲ್ಪ ಕೆಲಸ ಮಾಡುತ್ತೆ.

ನಾಕ್ ಎಂಬ ಹಳ್ಳಿಯ ಹೆಸರಿನಿಂದ ಕರೆಯೋ ಸುಟ್ಟ ಮಣ್ಣಿನ ಶಿಲ್ಪಗಳಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ತ್ರಿಕೋನದಂಥ ಕಣ್ಣು, ಕಣ್ಣಗೊಂಬೆ ಇರುವಲ್ಲಿ ತೂತು, ಮೇಲಕ್ಕೆ ಅಚ್ಚುಕಟ್ಟಾಗಿ ಕಟ್ಟಿದ ಕೂದಲು. ಇವುಗಳಲ್ಲಿ ಒಂದು ತಲೆ ಹೊರಜಗತ್ತಿಗೆ ಗೊತ್ತಾದ ಕಥೆ ಕೇಳಿ. ತವರದ ಗಣಿಯಲ್ಲಿ ಮಣ್ಣು ಅಗೆಯುವಾಗ ಅದು ಸಿಕ್ಕಿತು. ಗಣಿಯ ಗುಮಾಸ್ತನೊಬ್ಬ ಮನೆಗೆ ಒಯ್ದು, ಗೆಣಸಿನ ಹೊಲದಲ್ಲಿ ಬೆದರುಬೊಂಬೆಗೆ ತಲೆಯಾಗಿ ಸಿಕ್ಕಿಸಿದ. ಸುಮಾರು ಒಂದು ವರ್ಷ ಅದು ಹಕ್ಕಿ ಓಡಿಸ್ತಾ ನಿಂತಿತ್ತು. 1943ರಲ್ಲಿ ಬರ್ನಾರ್ಡ್ ಫ್ಯಾಗ್ ಎಂಬ ಅಧಿಕಾರಿಯ ಕೈಗೆ ಬಂದ ಮೇಲೆ ಅದರ ಬೆಲೆ ತಿಳಿಯಿತು. "ನೋಡಿದ್ರಾ, ಇವರಿಗೆ ಬೆಲೆನೇ ಗೊತ್ತಿರಲಿಲ್ಲ" ಅಂತ ಈ ಕಥೆಯನ್ನ ಹೇಳೋರಿದ್ದಾರೆ. ಆದರೆ ನಮ್ಮೂರುಗಳಲ್ಲಿ ವೀರಗಲ್ಲಿನ ಮೇಲೆ ಬಟ್ಟೆ ಒಗೆಯೋರಿಲ್ವಾ? ಶಾಸನದ ಕಲ್ಲು ಚರಂಡಿಗೆ ಹಾಸಾಗಿಲ್ವಾ? ಅಷ್ಟಕ್ಕೇ ಯಾರಾದ್ರೂ ಬಂದು ಹಂಪಿಯನ್ನ ಎತ್ಕೊಂಡು ಹೋಗ್ಲಿ ಅಂತ ನಾವು ಹೇಳಲ್ಲ.

ಆಮೇಲೆ ಇಫೆ. ಯೊರುಬಾ ಜನರ ಪವಿತ್ರ ಪಟ್ಟಣ. 12ರಿಂದ 15ನೇ ಶತಮಾನದ ನಡುವೆ ಅಲ್ಲಿ ಎರಕ ಹೊಯ್ದ ಲೋಹದ ಮುಖಗಳು, ಮಣ್ಣಿನ ಮುಖಗಳು. ಎಷ್ಟು ಸಹಜ ಅಂದ್ರೆ ಎದುರಿಗೆ ನಿಂತರೆ ಅವರು ಈಗ ಏನೋ ಹೇಳ್ತಾರೆ ಅನ್ನಿಸುತ್ತೆ. ಮೇಣದಲ್ಲಿ ಆಕೃತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯೋ ವಿಧಾನ. ನಮ್ಮ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೂ ಈ ವಿಧಾನದ ವಿವರಣೆ ಇದೆ, ಅದೂ 12ನೇ ಶತಮಾನದ್ದೇ. ಎರಡು ಕಡೆಯ ಕುಶಲಕರ್ಮಿಗಳಿಗೂ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಗೊತ್ತಿದ್ದಿರಲಾರದು. ಕೈ ಮಾತ್ರ ಒಂದೇ ಕೆಲಸ ಮಾಡ್ತಿತ್ತು.

1910ರಲ್ಲಿ ಜರ್ಮನಿಯ ಲಿಯೊ ಫ್ರೊಬೇನಿಯಸ್ ಇಫೆಗೆ ಬಂದು ಇಂಥ ಮುಖಗಳನ್ನ ನೋಡಿ ಬೆರಗಾದ. ಬೆರಗಾಗಿ ಅವನು ಬಂದ ತೀರ್ಮಾನ ಏನು ಗೊತ್ತಾ? ಇದು ಸಮುದ್ರದಲ್ಲಿ ಮುಳುಗಿಹೋದ ಅಟ್ಲಾಂಟಿಸ್‌ನ ಪಳೆಯುಳಿಕೆ ಇರಬೇಕು, ಯಾವುದೋ ಕಾಲದಲ್ಲಿ ಗ್ರೀಕರು ಇಲ್ಲಿಗೆ ಬಂದಿರಬೇಕು. 1938ರಲ್ಲಿ ಇಫೆಯಲ್ಲೇ ಮನೆ ಕಟ್ಟೋಕೆ ಅಗೆದಾಗ ಹತ್ತಾರು ಲೋಹದ ತಲೆಗಳು ಸಿಕ್ಕವು. ಆದ್ರೂ ಇದು ಆಫ್ರಿಕಾದವರದೇ ಕೆಲಸ ಅಂತ ಒಪ್ಪೋಕೆ ಯೂರೋಪಿನ ಕೆಲವರಿಗೆ ಕಷ್ಟವಾಯ್ತು. ಗಮನಿಸಿ, ಕಳ್ಳತನಕ್ಕೆ ಮೊದಲ ಮೆಟ್ಟಿಲು ಇದೇ. ಇಷ್ಟು ಚೆನ್ನಾಗಿದೆ ಅಂದ್ರೆ ಇದು ನಿಮ್ಮದಾಗಿರೋಕೆ ಸಾಧ್ಯವಿಲ್ಲ ಅನ್ನೋದು. ಎರಡನೇ ಮೆಟ್ಟಿಲು, ನಿಮ್ಮದೇ ಆದ್ರೂ ನಿಮಗೆ ಇಟ್ಕೊಳ್ಳೋಕೆ ಬರಲ್ಲ ಅನ್ನೋದು.

ಈ ಎರಡನೇ ಮೆಟ್ಟಿಲು ಕಾಣಬೇಕಾದ್ರೆ ಬೆನಿನ್ ವಸ್ತುಗಳ ಮುಂದೆ ನಿಲ್ಲಬೇಕು. ಬೆನಿನ್ ಅಂದಾಗ ಪಕ್ಕದ ಬೆನಿನ್ ಗಣರಾಜ್ಯ ಅಲ್ಲ. ಇಂದಿನ ನೈಜೀರಿಯಾದ ಎಡೊ ರಾಜ್ಯದಲ್ಲಿದ್ದ ಹಳೆಯ ರಾಜ್ಯ, ಅದರ ದೊರೆಗೆ ಓಬಾ ಅಂತ ಹೆಸರು. ಅರಮನೆಯ ಕಂಬಗಳಿಗೆ ಹೊಡೆದಿದ್ದ ಹಿತ್ತಾಳೆ ಫಲಕಗಳಲ್ಲಿ ಓಬಾ, ಸೇನಾಪತಿಗಳು, ಸಂಗೀತಗಾರರು, ವ್ಯಾಪಾರಕ್ಕೆ ಬಂದ ಉದ್ದ ಕೂದಲಿನ ಪೋರ್ಚುಗೀಸರು, ಎಲ್ಲ ಇದ್ದಾರೆ. ಲಿಪಿ ಬಳಸದ ಆಸ್ಥಾನಕ್ಕೆ ಇವೇ ದಫ್ತರ. ಆ ಹಿತ್ತಾಳೆಯ ದೊಡ್ಡ ಭಾಗ ಬಂದಿದ್ದು ಯೂರೋಪಿನವರು ಹಣದ ಬದಲು ಕೊಡ್ತಿದ್ದ ಬಳೆಯಾಕಾರದ 'ಮನಿಲ್ಲಾ'ಗಳಿಂದ. ಇನ್ನೊಂದು ನಾಣ್ಯ ನಮಗೆ ಚೆನ್ನಾಗಿ ಗೊತ್ತಿರೋದೇ: ಕವಡೆ. ಮುಖವಾಡಗಳ ಮೇಲೆ, ಪೂಜೆಯ ಸಾಮಾನಿನ ಮೇಲೆ ಹೊಲಿದ ಕವಡೆಗಳು ಇಲ್ಲಿ ಕಣ್ಣಿಗೆ ಬೀಳುತ್ತವೆ. ಮಾಲ್ಡೀವ್ಸ್ ಸಮುದ್ರದ ಕವಡೆ ಬಂಗಾಳ, ಸಿಲೋನ್ ದಾಟಿ, ಲಂಡನ್, ಆಮ್‌ಸ್ಟರ್‌ಡ್ಯಾಂ ಮುಟ್ಟಿ, ಅಲ್ಲಿಂದ ಹಡಗಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಬರ್ತಿತ್ತು. ಮನುಷ್ಯರನ್ನ ಕೊಳ್ಳೋಕೆ. ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತ ನಾವು ಸಲೀಸಾಗಿ ಹೇಳ್ತೀವಿ. ಈ ಕರಾವಳಿಯಲ್ಲಿ ಕವಡೆ ಎಣಿಸಿ ಜನರನ್ನ ಹಡಗು ಹತ್ತಿಸ್ತಿದ್ದರು.

1897ರ ಜನವರಿಯಲ್ಲಿ ಫಿಲಿಪ್ಸ್ ಎಂಬ ಬ್ರಿಟಿಷ್ ಅಧಿಕಾರಿ, ಹಬ್ಬದ ಸಮಯ, ಈಗ ಬರಬೇಡಿ ಅಂತ ಓಬಾ ಕಡೆಯವರು ಹೇಳಿದ್ದರೂ ತಂಡ ಕಟ್ಕೊಂಡು ಹೊರಟ. ದಾರಿಯಲ್ಲಿ ದಾಳಿ ಆಯ್ತು, ಹೆಚ್ಚಿನವರು ಸತ್ತರು. ಫೆಬ್ರವರಿಯಲ್ಲಿ ಸೇನೆ ಬಂತು. ನಗರ ಸುಟ್ಟಿತು, ಓಬಾ ಒವೊನ್‌ರಾಮ್ವೆನ್‌ನನ್ನ ಕಲಬಾರ್‌ಗೆ ಗಡೀಪಾರು ಮಾಡಿದರು, ಅಲ್ಲೇ 1914ರಲ್ಲಿ ಸತ್ತ. ಅರಮನೆಯ ಸಾವಿರಾರು ವಸ್ತುಗಳು ಹೋದವು. ದಂಡಯಾತ್ರೆಯ ಖರ್ಚು ತೂಗಿಸೋಕೆ ಅಂತ ಕೆಲವನ್ನ ಸರ್ಕಾರವೇ ಮಾರಿತು. ಇವತ್ತು ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಬೆನಿನ್‌ನ 900ಕ್ಕೂ ಹೆಚ್ಚು ವಸ್ತುಗಳಿವೆ. ಲಾಗೋಸ್ ಮ್ಯೂಸಿಯಂನಲ್ಲೂ ಒಳ್ಳೆಯ ಬೆನಿನ್ ಸಂಗ್ರಹವಿದೆ. ಅದು ಹೇಗೆ ಬಂತು ಅನ್ನೋದು ಇನ್ನೂ ಕುತೂಹಲದ ವಿಷಯ. ಒಂದಷ್ಟನ್ನ ಮರ್ರಿ ಕಾಲದಲ್ಲಿ ಹಣ ಕೊಟ್ಟು ವಾಪಸ್ ಕೊಂಡಿದ್ದು. 1950ರ ಸುಮಾರಿಗೆ ಬ್ರಿಟಿಷ್ ಮ್ಯೂಸಿಯಂ ಕೆಲವು ಫಲಕಗಳನ್ನ 'ಡೂಪ್ಲಿಕೇಟ್' ಅಂತ ಗುರುತು ಮಾಡಿ ನೈಜೀರಿಯಾಕ್ಕೇ ಮಾರಿತು. ನಿಮ್ಮ ಮನೆಯಿಂದ ಹೋದ ಬೆಳ್ಳಿ ಲೋಟವನ್ನ ನೀವೇ ದುಡ್ಡು ಕೊಟ್ಟು ತಂದ ಹಾಗೆ, ರಸೀದಿ ಸಮೇತ.

1977ರಲ್ಲಿ ಲಾಗೋಸ್‌ನಲ್ಲಿ ಫೆಸ್ಟಾಕ್ ನಡೆಯಿತು. ಜಗತ್ತಿನ ಎಲ್ಲ ಕಪ್ಪು ಜನರ ಕಲೆ, ಸಂಸ್ಕೃತಿಯ ದೊಡ್ಡ ಉತ್ಸವ. ಅದರ ಲಾಂಛನ 16ನೇ ಶತಮಾನದ ರಾಜಮಾತೆ ಇಡಿಯಾಳ ದಂತದ ಮುಖ. ಮೂಲ ಇದ್ದದ್ದು ಬ್ರಿಟಿಷ್ ಮ್ಯೂಸಿಯಂನಲ್ಲಿ. ಉತ್ಸವಕ್ಕೆ ಕೊಡಿ ಅಂದಾಗ ಕೊಡಲಿಲ್ಲ. ತುಂಬಾ ನಾಜೂಕು, ಪ್ರಯಾಣ ತಡೆಯಲ್ಲ ಅಂದರು. ಅಲ್ಲಿಗೆ ಹೋಗುವಾಗ ಹಡಗಲ್ಲಿ ತಡೆದಿತ್ತು ಅಂತಾಯ್ತು. ಬೆನಿನ್‌ನ ಕುಶಲಕರ್ಮಿಗಳು ಪ್ರತಿರೂಪ ಕೆತ್ತಿದರು, ಉತ್ಸವ ನಡೆಯಿತು.

ಈಗ ಆ ಬೀಗದ ಪ್ರಶ್ನೆಗೆ ಬರೋಣ. ಇವರು ನೋಡ್ಕೋತಾರಾ? ಕದ್ದವನು ಮನೆ ಯಜಮಾನನಿಗೆ, "ನಿಮ್ಮ ಬೀಗ ಸರಿಯಿಲ್ಲ, ಅದು ಸರಿಹೋಗೋವರೆಗೂ ಒಡವೆ ನನ್ನ ಹತ್ರವೇ ಇರಲಿ" ಅಂದ್ರೆ ಪೊಲೀಸ್ ಸ್ಟೇಷನ್ನಿನಲ್ಲಿ ಯಾರೂ ತಲೆದೂಗಲ್ಲ. ಮ್ಯೂಸಿಯಂ ವಿಷಯಕ್ಕೆ ಬಂದಾಗ ಮಾತ್ರ ನಾವು ತಲೆದೂಗ್ತೀವಿ. ಅಷ್ಟಕ್ಕೂ ಅವರ ಬೀಗ ಹೇಗಿದೆ? 2023ರ ಆಗಸ್ಟ್‌ನಲ್ಲಿ ಬ್ರಿಟಿಷ್ ಮ್ಯೂಸಿಯಂ ತನ್ನ ಉಗ್ರಾಣದ ವಸ್ತುಗಳು ಕಾಣೆಯಾಗಿವೆ, ಕಳುವಾಗಿವೆ, ಹಾಳಾಗಿವೆ ಅಂತ ಒಪ್ಪಿಕೊಂಡಿತು. ಎಲ್ಲ ಸೇರಿ ಸುಮಾರು 2,000. ನಿರ್ದೇಶಕರು ರಾಜೀನಾಮೆ ಕೊಟ್ಟರು. ಆ ಕಾರಣಕ್ಕೆ ಉಳಿದ ವಸ್ತುಗಳನ್ನ ಬೇರೆ ದೇಶಕ್ಕೆ ಸಾಗಿಸಿ ಅಂತ ಯಾರಾದ್ರೂ ಹೇಳಿದ್ದು ಕೇಳಿದ್ರಾ? ವಾಪಸ್ ಕೊಡೋಕೆ ನಮ್ಮ 1963ರ ಕಾಯ್ದೆ ಅಡ್ಡ ಬರುತ್ತೆ ಅಂತ ಈಗ ಹೇಳ್ತಾರೆ. ಕಾಯ್ದೆ ಬರೆದವರೂ ಅವರೇ ಅನ್ನೋದು ಮಾತ್ರ ಸಣ್ಣ ಅಕ್ಷರದಲ್ಲಿರುತ್ತೆ.

ಇಷ್ಟು ಹೇಳಿ ನಿಲ್ಲಿಸಿದ್ರೆ ಓದೋಕೆ ಖುಷಿಯಾಗುತ್ತೆ, ಆದರೆ ಅರ್ಧ ಸತ್ಯ. ಇದೇ ಲಾಗೋಸ್ ಮ್ಯೂಸಿಯಂನ ಇನ್ನೊಂದು ಕಥೆಯನ್ನೂ ಹೇಳಲೇಬೇಕು. 1973ರಲ್ಲಿ ನೈಜೀರಿಯಾದ ಸೇನಾಡಳಿತದ ಮುಖ್ಯಸ್ಥ ಜನರಲ್ ಯಾಕುಬು ಗೋವನ್ ಲಂಡನ್ ಪ್ರವಾಸಕ್ಕೆ ಹೊರಟ. ರಾಣಿಗೆ ಉಡುಗೊರೆ ಬೇಕಿತ್ತು. ಮ್ಯೂಸಿಯಂನಿಂದಲೇ ಒಂದನ್ನ ಆರಿಸ್ತೀನಿ ಅಂತ ಫೋನ್ ಬಂತು. ಮುಖ್ಯಸ್ಥರಾಗಿದ್ದ ಎಕ್ಪೋ ಎಯೊ ಸುದ್ದಿ ತಿಳಿದು ಅತ್ಯುತ್ತಮವಾದ ಕೆಲವನ್ನ ಬಚ್ಚಿಟ್ಟರಂತೆ. ಆದ್ರೂ ಗೋವನ್ ಬೆನಿನ್‌ನ ಒಂದು ಹಳೆಯ ಓಬಾ ತಲೆಯನ್ನ ಎತ್ಕೊಂಡು ಹೋಗಿ ಎರಡನೇ ಎಲಿಜಬೆತ್‌ಗೆ ಕೊಟ್ಟ. ಲಂಡನ್ನಿನವರು ಇದು ಈಚಿನ ನಕಲು ಇರಬೇಕು ಅಂದ್ಕೊಂಡು ಸುಮ್ಮನಿದ್ದರು. ಅಸಲಿ ಅಂತ ಗೊತ್ತಾಗಿದ್ದು 2002ರ ಹೊತ್ತಿಗೆ, ಸುಮಾರು ಮೂವತ್ತು ವರ್ಷದ ಮೇಲೆ. ಇಂಗ್ಲೆಂಡ್ ಒಮ್ಮೆ ಲೂಟಿ ಮಾಡಿದ್ದನ್ನ ಕಷ್ಟಪಟ್ಟು ಕೂಡಿಸಿದ ಮ್ಯೂಸಿಯಂನಿಂದ, ಸ್ವತಂತ್ರ ದೇಶದ ಮುಖ್ಯಸ್ಥನೇ ಮತ್ತೆ ಇಂಗ್ಲೆಂಡಿಗೆ ತಲುಪಿಸಿದ. 1990ರ ದಶಕದಲ್ಲಿ ಇಫೆ ಮ್ಯೂಸಿಯಂನಲ್ಲಿ ಕಳ್ಳತನಗಳೂ ಆದವು. ಬೀಗದ ಪ್ರಶ್ನೆ ಕೇಳೋರಿಗೆ ಇದಕ್ಕಿಂತ ಸಾಕ್ಷಿ ಬೇಕಾ?

ನನಗೆ ಈ ಕಥೆ ಬೇರೆ ಏನನ್ನೋ ಹೇಳಿತು. ಗೋವನ್‌ಗೆ ಆ ತಲೆ ಜನರ ಆಸ್ತಿಯಾಗಿ ಕಾಣಲಿಲ್ಲ, ಸರ್ಕಾರದ ಕಪಾಟಿನ ವಸ್ತುವಾಗಿ ಕಂಡಿತು. ಸರ್ಕಾರ ಅಂದ್ರೆ ತಾನು. ಮ್ಯೂಸಿಯಂನ ಇನ್ನೊಂದು ಭಾಗಕ್ಕೆ ಹೋದ್ರೆ ಇದೇ ಮನೋಭಾವ ಬೇರೆ ರೂಪದಲ್ಲಿ ನಿಂತಿದೆ. ಅಲ್ಲಿ ದೇಶವಾಳಿದವರ ಸಾಲು, ಅದರ ಜೊತೆ ಒಂದು ಕಪ್ಪು ಮರ್ಸಿಡಿಸ್ ಕಾರು. ಮೈತುಂಬ ಗುಂಡಿನ ತೂತು.

1975ರ ಜುಲೈನಲ್ಲಿ ಗೋವನ್ ಕಂಪಾಲಾ ಸಮ್ಮೇಳನಕ್ಕೆ ಹೋಗಿದ್ದಾಗ ಅವನನ್ನ ಇಳಿಸಿ ಮುರ್ತಾಲಾ ಮೊಹಮ್ಮದ್ ಅಧಿಕಾರಕ್ಕೆ ಬಂದ. ದೊಡ್ಡ ಬೆಂಗಾವಲು ಇಟ್ಕೊಳ್ಳದೆ ಓಡಾಡ್ತಿದ್ದ. 1976ರ ಫೆಬ್ರವರಿ 13ರ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಲಾಗೋಸ್ ಟ್ರಾಫಿಕ್ಕಿನಲ್ಲಿ ಈ ಕಾರು ಸಿಕ್ಕಿಕೊಂಡಿತು, ಬಂಡುಕೋರ ಸೈನಿಕರು ಗುಂಡು ಹೊಡೆದರು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳೋದು ಅಂದ್ರೇನು ಅಂತ ಸಿಲ್ಕ್ ಬೋರ್ಡಿನವರಿಗೆ ವಿವರಿಸಬೇಕಾಗಿಲ್ಲ. ಆ ಕಾರಿನ ಮುಂದೆ ನಿಂತಾಗ ಹೊಟ್ಟೆ ಒಂದು ಸಲ ಕಿವುಚಿದ್ದು ನಿಜ. ಯೂನಿಫಾರ್ಮ್ ಹಾಕಿದ ಶಾಲಾ ಮಕ್ಕಳ ಗುಂಪೊಂದು ಬಂದು ತೂತುಗಳನ್ನ ಒಂದೊಂದಾಗಿ ಎಣಿಸ್ತಿತ್ತು. ನಾಕ್, ಇಫೆ ಮುಂದೆ ಇಷ್ಟು ಹೊತ್ತು ಯಾರೂ ನಿಂತಿರಲಿಲ್ಲ.

ಪ್ರದರ್ಶನವಾಗಿ ಇದು ಬಲು ಪರಿಣಾಮಕಾರಿ. ನನ್ನ ತಕರಾರೂ ಅಲ್ಲೇ. ಕಾರು ನಮ್ಮನ್ನ ಒಬ್ಬ ದೊರೆಯ ಸಾವಿನ ಹತ್ರ ನಿಲ್ಲಿಸಿ ಬಿಡುತ್ತೆ. ಅದೇ ಕಾರಿನಲ್ಲಿ ಅವನ ಎಡಿಸಿ ಸತ್ತ, ಡ್ರೈವರ್ ಸತ್ತ. ಇವರು ಜನರ ನೆನಪಲ್ಲಿ ಉಳಿಯಲಿಲ್ಲ. ಮುರ್ತಾಲಾ ಮುಖ 20 ನೈರಾ ನೋಟಿನ ಮೇಲಿದೆ, ಲಾಗೋಸ್ ವಿಮಾನ ನಿಲ್ದಾಣಕ್ಕೆ ಅವನ ಹೆಸರಿದೆ. ಆದರೆ ಬಯಾಫ್ರಾ ಯುದ್ಧದಲ್ಲಿ ಎರಡನೇ ಡಿವಿಷನ್ ಅವನ ಕೈಕೆಳಗಿದ್ದಾಗ, 1967ರ ಅಕ್ಟೋಬರ್‌ನಲ್ಲಿ ಅಸಾಬಾ ಪಟ್ಟಣದಲ್ಲಿ ಆ ಸೈನಿಕರು ನೂರಾರು ನಿರಾಯುಧ ಗಂಡಸರನ್ನ, ಹುಡುಗರನ್ನ ಸಾಲಾಗಿ ನಿಲ್ಲಿಸಿ ಕೊಂದರು. ಅವರನ್ನ ನೆನಪಿಸೋ ಕಾರು ಇಲ್ಲ. 1967ರಿಂದ 1970ರವರೆಗಿನ ಆ ಯುದ್ಧದಲ್ಲಿ ಲಕ್ಷಾಂತರ ಜನ ಸತ್ತರು, ಬಹುಪಾಲು ಹಸಿವಿನಿಂದ. ಅದಕ್ಕೊಂದು ಮ್ಯೂಸಿಯಂ ಇದೆ, ದೂರದ ಉಮುಆಹಿಯಾದಲ್ಲಿ. ಆಳಿದವರ ಸಾಲನ್ನ ಬೆನ್ನೆಲುಬು ಮಾಡ್ಕೊಂಡ ಗ್ಯಾಲರಿಯಲ್ಲಿ ಯುದ್ಧವೂ ಒಬ್ಬರು ಹೋಗಿ ಇನ್ನೊಬ್ಬರು ಬಂದ ಕಾಲಘಟ್ಟವಾಗಿಬಿಡುತ್ತೆ. ಇದರ ತೂಕ ಎಷ್ಟು ಅಂದ್ರೆ, ನೈಜೀರಿಯಾದ ಶಾಲೆಗಳಲ್ಲಿ ಕೆಳಹಂತದ ಪಠ್ಯದಿಂದ ಇತಿಹಾಸವನ್ನ ಪ್ರತ್ಯೇಕ ವಿಷಯವಾಗಿ ತೆಗೆದುಹಾಕಿದ್ದರು, ವಾಪಸ್ ತರೋಕೆ ವರ್ಷಗಳೇ ಹಿಡಿದವು. ಆ ವರ್ಷಗಳಲ್ಲಿ ಕಲಿತ ಮಕ್ಕಳಿಗೆ ಇಂಥ ಗ್ಯಾಲರಿಯೇ ಪಾಠಪುಸ್ತಕ.

ಹೋಲಿಕೆಗೆ ದೂರ ಹೋಗಬೇಕಾಗಿಲ್ಲ. ಅದೇ ಒನಿಕಾನ್‌ನಲ್ಲಿ ಈಚೆಗೆ ಜಾನ್ ರ‍್ಯಾಂಡಲ್ ಕೇಂದ್ರ ಅಂತ ಯೊರುಬಾ ಸಂಸ್ಕೃತಿಯ ಹೊಸ ಮ್ಯೂಸಿಯಂ ಎದ್ದಿದೆ. ಅದಕ್ಕೆ ಹೆಸರು ಕೊಟ್ಟವನು ದೊರೆಯಲ್ಲ, ಲಾಗೋಸ್‌ನ ಒಬ್ಬ ಡಾಕ್ಟರು. ಊರ ಹುಡುಗರು ನೀರಲ್ಲಿ ಮುಳುಗಿ ಸಾಯ್ತಿದ್ದಾರೆ, ಈಜುಕೊಳ ಕಟ್ಟಿಸಿ ಅಂದ್ರೆ ವಸಾಹತು ಸರ್ಕಾರ ಒಲ್ಲೆ ಅಂದಿತು. 1928ರಲ್ಲಿ ಅವನೇ ಕಟ್ಟಿಸಿದ. ಆ ಕೊಳದ ಜಾಗದಲ್ಲೇ ಈ ಕೇಂದ್ರ. ಒಂದು ಊರಿನ ಇತಿಹಾಸವನ್ನ ಈಜುಕೊಳದಿಂದಲೂ ಶುರುಮಾಡಬಹುದು ಅನ್ನೋದು ನನಗೆ ಬಹಳ ಹಿಡಿಸಿತು.

ಹಾಗಾದ್ರೆ ವಾಪಸ್ ಕೊಡೋದು ಸರಿಯಾ? ಸರಿ, ಯಾವ ಷರತ್ತೂ ಇಲ್ಲದೆ. ಇಲ್ಲಿ ಎರಡು ಬೇರೆಬೇರೆ ಲೆಕ್ಕಗಳಿವೆ. ಒಂದು ಲಂಡನ್ನಿಗೂ ಬೆನಿನ್‌ಗೂ ನಡುವಿನದು: ತಗೊಂಡಿದ್ದನ್ನ ಕೊಡಬೇಕು. ಇನ್ನೊಂದು ನೈಜೀರಿಯಾ ಸರ್ಕಾರಕ್ಕೂ ಅದರ ಜನಕ್ಕೂ ನಡುವಿನದು: ಇಟ್ಟಿದ್ದನ್ನ ಕಾಪಾಡಬೇಕು, ಅದರ ಪೂರ್ತಿ ಕಥೆ ಹೇಳಬೇಕು. ಎರಡನೇ ಲೆಕ್ಕದಲ್ಲಿ ಬಾಕಿ ಇದೆ ಅಂತ ಮೊದಲನೆಯದನ್ನ ತೀರಿಸದೆ ಇರೋದು ಹಳೆಯ ಚಾಲಾಕಿತನ. ಹಾಗೇ, ಮೊದಲನೆಯದರ ಅನ್ಯಾಯ ತೋರಿಸಿ ಎರಡನೆಯದನ್ನ ಮುಚ್ಚೋದು ಸರ್ಕಾರಗಳ ಚಾಲಾಕಿತನ.

ವಸ್ತುಗಳು ನಿಧಾನವಾಗಿ ಬರ್ತಾನೂ ಇವೆ. 2022ರಲ್ಲಿ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ 72 ವಸ್ತುಗಳ ಒಡೆತನ ಬಿಟ್ಟುಕೊಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜರ್ಮನಿಯ ವಿದೇಶಾಂಗ ಸಚಿವೆ ತಾವೇ ಅಬುಜಾಕ್ಕೆ ಬಂದು ಒಪ್ಪಿಸಿದರು. 2025ರ ಜೂನ್‌ನಲ್ಲಿ ನೆದರ್ಲೆಂಡ್ಸ್ 119 ವಸ್ತುಗಳನ್ನ ಕೊಟ್ಟಿತು. ಆ ಸಮಾರಂಭ ನಡೆದದ್ದು ಇದೇ ಲಾಗೋಸ್ ಮ್ಯೂಸಿಯಂನಲ್ಲಿ. ನಾಲ್ಕು ಇಲ್ಲಿಗೆ, ಉಳಿದವು ಓಬಾಗೆ ಅಂತ ತೀರ್ಮಾನವಾಯ್ತು. 2023ರಲ್ಲಿ ಅಧ್ಯಕ್ಷ ಬುಹಾರಿ ಲೂಟಿಯಾದ ಬೆನಿನ್ ವಸ್ತುಗಳ ಒಡೆತನ ಓಬಾನದೇ ಅಂತ ಆದೇಶ ಹೊರಡಿಸಿದಾಗ ಯೂರೋಪಿನ ಕೆಲವರಿಗೆ ಗಾಬರಿಯಾಯ್ತು: ಜನರಿಗೆ ಅಂತ ಕೊಟ್ಟರೆ ಅರಮನೆಗೆ ಹೋಯ್ತಲ್ಲ! ಅರಮನೆಯೋ, ಸರ್ಕಾರವೋ, ಜನವೋ ಅನ್ನೋ ಜಗಳ ನಿಜವಾದದ್ದೇ, ಮುಖ್ಯವಾದದ್ದೇ. ಆದರೆ ಅದು ಅಣ್ಣತಮ್ಮಂದಿರ ಪಾಲಿನ ಜಗಳ. ಪಾಲು ಇನ್ನೂ ಇತ್ಯರ್ಥ ಆಗಿಲ್ಲ ಅಂತ ಒತ್ತುವರಿ ಮಾಡಿದವನಿಗೆ ಜಮೀನು ಬರೆದುಕೊಡೋರು ಎಲ್ಲಾದ್ರೂ ಇದ್ದಾರಾ?

ಇದರಲ್ಲಿ ನಮಗೇನು ಅನ್ನೋರಿಗೆ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ದಿನ ಏನಾಯ್ತು ನೆನಪಿಸಿಕೊಳ್ಳಿ. ಟಿಪ್ಪುವಿನ ಮರದ ಹುಲಿ ಇವತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಹೆಮ್ಮೆ. ಅವನ ಮಲಗುವ ಕೋಣೆಯ ಖಡ್ಗ 2023ರ ಮೇನಲ್ಲಿ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹರಾಜಾಯ್ತು. ಟಿಪ್ಪು ಬಗ್ಗೆ ನಮ್ಮಲ್ಲಿ ಎಷ್ಟು ಜಗಳ ಇದೆ ಅಂತ ಗೊತ್ತೇ ಇದೆ. ಆ ಜಗಳದಿಂದ ಹುಲಿಯ ಮೇಲೆ ಲಂಡನ್ನಿಗೆ ಹಕ್ಕೇನೂ ಹುಟ್ಟಲ್ಲ. ಹುಲಿ ವಾಪಸ್ ಬಂದ್ರೂ ನಮ್ಮವರು ಧೂಳು ಹೊಡೀತಾರಾ ಅಂತ ನಾವೇ ನಗ್ತೀವಿ. ನಮ್ಮ ಮ್ಯೂಸಿಯಂಗಳಿಗೆ ಆ ನಗು ಸಲ್ಲಬೇಕಾದದ್ದೇ. ಅದನ್ನ ಇಲ್ಲಿನ ಸರ್ಕಾರದ ಮುಂದೆ ದೂರಾಗಿ ಇಡಿ, ಲಂಡನ್ನಿಗೆ ವಾದವಾಗಿ ಕೊಡಬೇಡಿ.

ಲಾಗೋಸ್‌ಗೆ ಹೋಗೋರು ಒಂದು ಮಧ್ಯಾಹ್ನ ಒನಿಕಾನ್‌ಗೆ ಇಡಿ. ಕಾರನ್ನ ಮೊದಲು ನೋಡಬೇಡಿ. ನಾಕ್, ಇಫೆ, ಬೆನಿನ್ ಮುಗಿಸಿ ಕೊನೆಗೆ ಹೋಗಿ. ಜೊತೆಗೆ ಗೈಡ್ ಇದ್ದರೆ ಪ್ರತಿ ವಸ್ತುವಿನ ಮುಂದೆ, ಇದು ಇಲ್ಲಿಗೆ ಹೇಗೆ ಬಂತು ಅಂತ ಕೇಳಿ. ಎಷ್ಟು ವರ್ಷ ಹಳೆಯದು ಅನ್ನೋದಕ್ಕಿಂತ ಆ ಪ್ರಶ್ನೆಗೆ ಬರೋ ಉತ್ತರದಲ್ಲಿ ಹೆಚ್ಚು ಇತಿಹಾಸ ಇರುತ್ತೆ. ಸಮಯ ಸಿಕ್ಕರೆ ಬೆನಿನ್ ಸಿಟಿಗೂ ಹೋಗಿಬನ್ನಿ. ಅಲ್ಲಿ ಇಗುನ್ ಅನ್ನೋ ಬೀದಿ ಇದೆ. ಓಬಾಗಳಿಗೆ ಎರಕ ಹೊಯ್ದುಕೊಡ್ತಿದ್ದ ಮನೆತನದವರು ಈಗಲೂ ಅಲ್ಲೇ ಮೇಣ, ಮಣ್ಣು, ಬೆಂಕಿ ಇಟ್ಕೊಂಡು ಹಿತ್ತಾಳೆ ಹೊಯ್ತಿದ್ದಾರೆ, ಅಂಗಡಿಯಲ್ಲಿ ಚೌಕಾಸಿಗೂ ಸಿಗ್ತಾರೆ.